ಫುಲ್ ಮ್ಯಾರಥಾನ್‌ಗೆ ಐದು ವಾರ ಇರುವಾಗ ಹಾಫ್ ಎಷ್ಟು ಜೋರಾಗಿ ಓಡಬೇಕು?

2:15ರ ಬಸ್ (ಹಾಫ್ ಅನ್ನು 2 ಗಂಟೆ 15 ನಿಮಿಷಕ್ಕೆ ಮುಗಿಸುವ ಗುಂಪು) ಹತ್ತಿ, 16ನೇ ಕಿಲೋಮೀಟರಿನಲ್ಲಿ ಇಳಿದುಬಿಡಿ. ನನ್ನ ಉತ್ತರ ಇಷ್ಟೇ. ಯಾಕೆ ಅಂತ ಹೇಳಬೇಕಾದರೆ ನನ್ನ ಒಂದು ದಡ್ಡತನದ ಕಥೆಯನ್ನೂ ಹೇಳಬೇಕು.

ಈ ಪ್ರಶ್ನೆ ಕೇಳಿದ ನೀವು ಬೆಂಗಳೂರಿನವರು. ಹಾಫ್‌ನಲ್ಲಿ (21.1 ಕಿಲೋಮೀಟರ್) ಈವರೆಗಿನ ಬೆಸ್ಟ್ 2:05, ಅಂದರೆ 2 ಗಂಟೆ 5 ನಿಮಿಷ. ಜನವರಿಯಲ್ಲಿ ಮುಂಬೈನಲ್ಲಿ ಮೊದಲ ಫುಲ್ (42.2 ಕಿಲೋಮೀಟರ್), ಗುರಿ ನಾಲ್ಕೂವರೆ ಗಂಟೆ. ವಾರಕ್ಕೆ ಸುಮಾರು 40 ಕಿಲೋಮೀಟರ್ ಓಡುತ್ತಿದ್ದೀರಿ. ಮಧ್ಯೆ ಡಿಸೆಂಬರ್‌ನಲ್ಲಿ ಊರಲ್ಲೇ ಒಂದು ಹಾಫ್ ಇದೆ, ಅದನ್ನು ಎರಡು ಗಂಟೆಯೊಳಗೆ ಮುಗಿಸೋಕೆ ಕೈ ಕಡಿಯುತ್ತಿದೆ. ಅಲ್ವಾ?

ನನಗೂ ಹಾಗೇ ಆಗಿತ್ತು. ಡಿಸೆಂಬರ್ ಬೆಳಿಗ್ಗೆ, ಒಳ್ಳೇ ಚಳಿ, ಕಾಲು ಹಗುರ. 1:52ಕ್ಕೆ ಮುಗಿಸಿದೆ. ಆಮೇಲೆ ಇಡ್ಲಿ ವಡೆ ಮುಂದಿಟ್ಟುಕೊಂಡು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ರೀಗಲ್ ಸೂತ್ರ ಅಂತ ಒಂದಿದೆ. ದೂರ ಎರಡು ಪಟ್ಟಾದರೆ ಸಮಯ ಸುಮಾರು 2.085 ಪಟ್ಟು ಆಗುತ್ತದೆ ಅನ್ನುತ್ತದೆ ಅದು. ನನಗೆ 3:54 ಬಂತು. ಖುಷಿಯೋ ಖುಷಿ. ಮುಂಬೈನಲ್ಲಿ ಕಿಲೋಮೀಟರಿಗೆ 5:34ರಂತೆ (5 ನಿಮಿಷ 34 ಸೆಕೆಂಡ್) ಹೊರಟೆ. ಸಮುದ್ರದ ಮೇಲಿನ ಸೇತುವೆ ಸೀ ಲಿಂಕ್ ಮೇಲೆ ರಾಜನ ಥರ ಓಡಿದೆ. 35 ಕಿಲೋಮೀಟರ್ ಆಸುಪಾಸಿನಲ್ಲಿ ಪೆಡ್ಡರ್ ರೋಡ್ ಏರು ಬರುತ್ತದಲ್ಲ, ಅಲ್ಲಿ ಎರಡೂ ತೊಡೆ ಹಿಡಿದುಕೊಂಡವು. ಆಮೇಲೆ ನಡಿಗೆಯೇ ಜಾಸ್ತಿ. 4:31.

ಸೂತ್ರದ ತಪ್ಪಲ್ಲ ಅದು. ಎರಡೂ ದೂರಕ್ಕೆ ಸಮನಾಗಿ ತಯಾರಾದವರಿಗೆ ಆ ಲೆಕ್ಕ ಸರಿ. ವಾರಕ್ಕೆ 40-45 ಕಿಲೋಮೀಟರ್ ಓಡುವ ನಮ್ಮಂಥವರಿಗೆ ಹಾಫ್ ಓಡುವ ಶಕ್ತಿ ಇರುತ್ತದೆ, 30 ದಾಟಿದ ಮೇಲಿನ ಕಾಲು ಇರುವುದಿಲ್ಲ. ಜೊತೆಗೆ ಮುಂಬೈ ಗಾಳಿಯಲ್ಲಿ ತೇವ. ಬೆವರು ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ, ಅದೇ ವೇಗಕ್ಕೆ ಎದೆಬಡಿತ ಜಾಸ್ತಿ ಆಗುತ್ತದೆ. ಬೆಂಗಳೂರಿನ ಡಿಸೆಂಬರ್ ನಮಗೆ ಅದನ್ನು ಕಲಿಸುವುದೇ ಇಲ್ಲ.

ನಿಮ್ಮ 2:05ಕ್ಕೆ ಸೂತ್ರ ಹಾಕಿದರೆ 4:21 ಬರುತ್ತದೆ. ನೀವು ನಾಲ್ಕೂವರೆ ಇಟ್ಟುಕೊಂಡಿದ್ದೀರಿ. ನನಗಿಂತ ಬುದ್ಧಿವಂತರು. ಆ ಗುರಿಯನ್ನು ಹಾಗೇ ಬಿಡಿ, ಹಾಫ್ ಚೆನ್ನಾಗಿ ಹೋಯಿತು ಅಂತ ಬದಲಾಯಿಸಬೇಡಿ.

ಈಗ ವಾರಗಳ ಲೆಕ್ಕ ನೋಡಿ. ಇರುವುದು ಐದು. ಕೊನೆಯ ಎರಡು ವಾರ ಹೇಗೂ ಓಟ ಇಳಿಸುತ್ತೀರಿ. ಉಳಿದ ಮೂರರಲ್ಲೇ ನಿಮ್ಮ 30-32 ಕಿಲೋಮೀಟರಿನ ಲಾಂಗ್ ರನ್ ಆಗಬೇಕು. ಹಾಫ್‌ನಲ್ಲಿ ಜೀವ ಬಿಟ್ಟು ಓಡಿದರೆ ಕಾಲು ಸುಧಾರಿಸಿಕೊಳ್ಳಲು ವಾರ, ಹತ್ತು ದಿನ ಹೋಗುತ್ತದೆ. ಆ ಲಾಂಗ್ ರನ್ ಯಾವಾಗ ಮಾಡುತ್ತೀರಿ? ಎಂಟು ವಾರ ಇದ್ದಿದ್ದರೆ ನಾನೇ 'ಹೋಗಿ, ಬಿಡಬೇಡಿ' ಅನ್ನುತ್ತಿದ್ದೆ.

ನಾಲ್ಕೂವರೆ ಗಂಟೆಯ ಫುಲ್ ಅಂದರೆ ಕಿಲೋಮೀಟರಿಗೆ 6:24. ಅದೇ ವೇಗದಲ್ಲಿ ಹಾಫ್ ಓಡಿದರೆ ಸರಿಯಾಗಿ 2:15. ಈ ಸಮಯಕ್ಕೆ ನಮ್ಮ ಕಡೆಯ ಓಟಗಳಲ್ಲಿ ಸಾಮಾನ್ಯವಾಗಿ ಪೇಸರ್ (ಗೊತ್ತಾದ ಸಮಯಕ್ಕೆ ಮುಗಿಯುವಂತೆ ಒಂದೇ ವೇಗದಲ್ಲಿ ಓಡಿ ದಾರಿ ತೋರಿಸುವವರು) ಇರುತ್ತಾರೆ, ಅವರ ಹಿಂದೆ ಒಂದು ಗುಂಪು. ಅದೇ ನಾನು ಹೇಳಿದ ಬಸ್. ಮೊದಲ ಐದು ಕಿಲೋಮೀಟರ್ ನಿಮಗೆ ತೀರಾ ನಿಧಾನ ಅನ್ನಿಸುತ್ತದೆ. ನಿಮಗಿಂತ ಸುಸ್ತಾದಂತೆ ಕಾಣುವವರೂ ದಾಟಿಕೊಂಡು ಹೋಗುತ್ತಾರೆ. ಹೋಗಲಿ ಬಿಡಿ. ಪಕ್ಕದವರ ಹತ್ತಿರ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯಾ ನೋಡಿಕೊಳ್ಳಿ. ಮೂರು ನಾಲ್ಕು ಪದಕ್ಕೇ ಉಸಿರು ಸಾಲದಿದ್ದರೆ ನೀವು ಹಾಫ್ ರೇಸ್ ಮಾಡುತ್ತಿದ್ದೀರಿ ಅಂತ ಅರ್ಥ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಹಾಸಿಗೆ ಅಳೆಯೋಕೇ ಈ 16 ಕಿಲೋಮೀಟರ್. ಅಷ್ಟು ದೂರಕ್ಕೇ 6:24 ಭಾರವಾದರೆ ನಾಲ್ಕೂವರೆ ಗಂಟೆ ಮರೆತು 4:45 ಇಟ್ಟುಕೊಳ್ಳಿ. ಆರಾಮಾಗಿದ್ದರೆ ಬಸ್ಸಿನಿಂದ ಇಳಿದು ಕೊನೆಯ ಐದು ಕಿಲೋಮೀಟರ್ ಆರು ನಿಮಿಷಕ್ಕೆ ಒಂದರಂತೆ ಓಡಿ. 2:13ಕ್ಕೆ ಮುಗಿಯುತ್ತದೆ. ನಿಮ್ಮ ಬೆಸ್ಟ್‌ಗಿಂತ 8 ನಿಮಿಷ ತಡ. ಹೊಟ್ಟೆ ಉರಿಯುತ್ತದೆ, ಗೊತ್ತು. ವಾಟ್ಸಾಪ್ ಗುಂಪಿನಲ್ಲಿ 'ಏನಾಯ್ತು ಗುರು, ಹುಷಾರಿಲ್ವಾ?' ಅಂತ ಕೇಳುವವರೂ ಇರುತ್ತಾರೆ.

ವಾಚಿನ ಬಗ್ಗೆ ಒಂದು ಮಾತು. ಓಟದ ದಾರಿಯನ್ನು ಅತಿ ಹತ್ತಿರದ ಗೆರೆಯಲ್ಲಿ ಅಳೆದಿರುತ್ತಾರೆ. ನಾವು ತಿರುವಿನಲ್ಲಿ ಹೊರಗಿನಿಂದ ಸುತ್ತಿ, ಜನರನ್ನು ತಪ್ಪಿಸಿ ಓಡುತ್ತೇವೆ. ಕಬ್ಬನ್ ಪಾರ್ಕಿನಂಥ ಮರಗಳ ಕೆಳಗೆ ಜಿಪಿಎಸ್ ಕೂಡ ಅಲ್ಲಿ ಇಲ್ಲಿ ಅಲೆಯುತ್ತದೆ. ಕೊನೆಗೆ ವಾಚಿನಲ್ಲಿ 21.1 ಬದಲು 21.4 ಕಾಣುತ್ತದೆ. ಹಾಗಾದಾಗ 2:15ಕ್ಕೆ ಮುಗಿಸಿದರೂ ವಾಚ್ 6:18 ಅಂತ ತೋರಿಸುತ್ತದೆ. ಅದಕ್ಕೇ ವಾಚ್ ನಂಬಿಕೊಂಡು 6:24 ಓಡಿದರೆ ಎರಡು ನಿಮಿಷ ತಡವಾಗುತ್ತೀರಿ. ವಾಚ್ ತಾನೇ ಪ್ರತಿ ಕಿಲೋಮೀಟರ್ ಗುರುತು ಹಾಕುವ ಆಟೋ ಲ್ಯಾಪ್ ಆಫ್ ಮಾಡಿ, ರಸ್ತೆ ಬದಿಯ ಕಿಲೋಮೀಟರ್ ಬೋರ್ಡ್ ಬಂದಾಗ ನೀವೇ ಬಟನ್ ಒತ್ತಿ.

ಜೆಲ್ (ಓಡುವಾಗ ಶಕ್ತಿಗೆ ನುಂಗುವ ಸಿಹಿ ಪಾಕ), ಶೂ, ಹಿಂದಿನ ರಾತ್ರಿಯ ಊಟ, ಬೆಳಿಗ್ಗೆ ಎದ್ದು ಶೌಚಾಲಯಕ್ಕೆ ಹೋಗುವ ಸಮಯ, ಎಲ್ಲವೂ ಮುಂಬೈನಲ್ಲಿ ಹೇಗಿರುತ್ತದೋ ಹಾಗೇ ಇರಲಿ. ಹಾಫ್‌ಗೆ ಮೂರು ಜೆಲ್ ಬೇಕಾಗಿಲ್ಲ, ಆದರೂ ತಗೊಳ್ಳಿ. ಹೊಟ್ಟೆ ಏನನ್ನುತ್ತದೆ ಅಂತ ಈಗಲೇ ಗೊತ್ತಾಗಲಿ.

ಮರುವರ್ಷ ನಾನು ಹೀಗೇ ಮಾಡಿದೆ. 16 ಕಿಲೋಮೀಟರ್ 5:55ರಲ್ಲಿ, ಉಳಿದದ್ದು ಸ್ವಲ್ಪ ಜೋರಾಗಿ. ಹಾಫ್ 2:02, ಹಿಂದಿನ ಸಲಕ್ಕಿಂತ ಹತ್ತು ನಿಮಿಷ ತಡ. ಮುಂಬೈನಲ್ಲಿ 4:12. ಪೆಡ್ಡರ್ ರೋಡ್ ಏರನ್ನು ನಡೆಯದೆ ಹತ್ತಿದೆ. ಓಡಿದೆ ಅಂದರೆ ಸುಳ್ಳಾಗುತ್ತದೆ, ಆದರೆ ನಡೆಯಲಿಲ್ಲ.

ಇನ್ನೊಂದು, ಮುಗಿಸಿದ ಕೂಡಲೇ ಕೂತುಬಿಡಬೇಡಿ. ನೀರು ಕುಡಿದು, ನಿಧಾನಕ್ಕೆ ಇನ್ನೊಂದು ಐದು ಕಿಲೋಮೀಟರ್ ಓಡಿ. ಶುರುವಿಗೆ ಮುಂಚೆ ಎರಡು ಓಡಿದ್ದರೆ ಒಟ್ಟು 28 ಆಗುತ್ತದೆ, ಆ ವಾರದ ಲಾಂಗ್ ರನ್ ಲೆಕ್ಕಕ್ಕೆ ಸೇರುತ್ತದೆ. ಮೆಡಲ್ ಮಾತ್ರ ಬ್ಯಾಗಿನಲ್ಲಿ ಹಾಕಿ. ನಾನು ಕೊರಳಲ್ಲಿ ಹಾಕಿಕೊಂಡೇ ಓಡಿದ್ದೆ. ಎದುರಿಗೆ ಬಂದ ವಾಲಂಟಿಯರ್ ಹುಡುಗ ಪಾಪ ನನ್ನನ್ನು ನಿಲ್ಲಿಸಿ, 'ಸಾರ್, ಮುಗೀತು ಸಾರ್, ಫಿನಿಶ್ ಹಿಂದೆ ಇದೆ' ಅಂದ.