ಬೆರಳಿಗಿಂತ ಮೊದಲು ಕೊರಳು

ಪ್ರಶ್ನೆ: ಗುರುಗಳೇ, ನಮ್ಮೂರ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ, ತಬಲಾ ಎರಡನ್ನೂ ನುಡಿಸುತ್ತೇನೆ. ಮದುವೆಗಳ ಕಾಲದಲ್ಲಿ ಕಲಬುರಗಿಯ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್. ಕೊಳಲನ್ನೂ ಕಲಿಯುತ್ತಿದ್ದೇನೆ. ಸ್ವಂತ ಮಟ್ಟು ಕಟ್ಟಲು ಕುಳಿತರೆ ಎಲ್ಲೋ ಕೇಳಿದ ಹಾಡೇ ಬರುತ್ತದೆ. ಎರಡು ದೋಣಿಯಲ್ಲಿ ಕಾಲಿಡಬೇಡ, ಒಂದೇ ವಾದ್ಯ ಹಿಡಿ ಎನ್ನುತ್ತಾರೆ ಅಪ್ಪ. ಏನು ಮಾಡಲಿ?
– ಓದುಗ, ಆಳಂದ

ಉತ್ತರ: ತಮ್ಮಾ, ಯಾವ ವಾದ್ಯವನ್ನೂ ಬಿಡಬೇಡ. ಗದುಗಿನ ಪುಟ್ಟರಾಜ ಗವಾಯಿಗಳ ಹೆಸರನ್ನು ಅಪ್ಪನಿಗೆ ನೆನಪಿಸು. ಹಾರ್ಮೋನಿಯಂ, ತಬಲಾ, ಪಿಟೀಲು ಎಲ್ಲವೂ ಅವರ ಕೈಗೆ ಒಲಿದಿದ್ದವು. ನಾಟಕ ಬರೆದವರೂ ಅವರೇ.

ತಬಲಾ ನಿನಗೆ ಸಾಲಿನ ಅಳತೆ ಕಲಿಸಿದೆ: ದಾದ್ರಾ ತಾಳದ 6 ಮಾತ್ರೆ (ಎಣಿಕೆ), ರೂಪಕದ 7, ಕೆಹರವಾದ 8. ಸಾಲು ಎಲ್ಲಿ ಉಸಿರು ಬೇಡುತ್ತದೆ ಎಂಬುದನ್ನು ಕೊಳಲು ಹೇಳುತ್ತದೆ. ಹಾರ್ಮೋನಿಯಂ ಸ್ವರದ ಜಾಗ ತೋರಿಸುತ್ತದೆ, ಆದರೆ ಎರಡು ಸ್ವರಗಳ ನಡುವಿನ ಜಾರು ಅದರಲ್ಲಿ ಹೊರಡುವುದಿಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿತ್ತು. ಆ ನಿಷೇಧ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಆದರೂ ಮಟ್ಟು ಹುಟ್ಟುವ ಹೊತ್ತಿಗೆ ಪೆಟ್ಟಿಗೆಯನ್ನು ಮುಚ್ಚಿಡು. ಕೈ ತನಗೆ ರೂಢಿಯಾದ ಸ್ವರದ ಮನೆಗಳಿಗೇ ಹೋಗುತ್ತದೆ. ಕೇಳಿದ ಹಾಡು ಮರಳಿ ಬರುವುದು ಆ ದಾರಿಯಿಂದಲೇ.

ಕಡಕೋಳ ಮಡಿವಾಳಪ್ಪನವರ ಒಂದು ತತ್ವಪದ ತೆಗೆದುಕೋ. ನಿಮ್ಮ ಮನೆಯಲ್ಲಿ ಮಾತಾಡುವ ಧಾಟಿಯಲ್ಲೇ ಗಟ್ಟಿಯಾಗಿ ಓದು. ಯಾವ ಅಕ್ಷರ ಎಳೆಯುತ್ತದೆ, ಯಾವುದು ಥಟ್ಟನೆ ಮುಗಿಯುತ್ತದೆ ಎಂದು ಗಮನಿಸು. ತಾಳ ಅಲ್ಲಿಂದಲೇ ಸಿಗುತ್ತದೆ. ಬಾಯಲ್ಲಿ ಹಾಡಿಕೊಂಡು ಮೊಬೈಲಿನಲ್ಲಿ ಹಿಡಿದಿಡು. ಸ್ವರ ಹುಡುಕಲು ಹಾರ್ಮೋನಿಯಂ ತೆರೆಯುವುದು ಆಮೇಲೆ. ಅದೇ ಪದವನ್ನು ಒಮ್ಮೆ ಭೀಮಪಲಾಸ ರಾಗದಲ್ಲಿ ಕಟ್ಟು; ಸ್ವರ ಏರುವ ಆರೋಹದಲ್ಲಿ ರಿ, ಧ ಬಿಡಬೇಕು, ಗ, ನಿ ಕೋಮಲ, ಅಂದರೆ ತುಸು ತಗ್ಗಿದ ಸ್ವರಗಳು. ಇನ್ನೊಮ್ಮೆ ಭೈರವಿಯಲ್ಲಿ ಕಟ್ಟು. ರಾಗ ಬದಲಾದರೂ ಮಾತಿನ ಒತ್ತು ಕೆಡಬಾರದು. ಕೆಟ್ಟರೆ ಮಟ್ಟನ್ನೇ ಬದಲಿಸು. ಈ ವಿಷಯದಲ್ಲಿ ನಾನು ಹಟಮಾರಿ.

ಕಲಬುರಗಿಗೆ ಬಂದಾಗ ಬಂದೇ ನವಾಜ್ ದರ್ಗಾದ ಉರುಸಿನಲ್ಲಿ ಕವ್ವಾಲಿ ಕೇಳು. ಒಂದೇ ಸಾಲನ್ನು ಮತ್ತೆ ಮತ್ತೆ ಹಿಡಿದು, ಚಪ್ಪಾಳೆಯ ಜೊತೆಗೆ ಅದನ್ನು ಮೇಲಕ್ಕೇರಿಸುವ ಬಗೆಯನ್ನು ಪುಸ್ತಕದಿಂದ ಕಲಿಯಲಾಗದು. ಶರಣಬಸವೇಶ್ವರ ಜಾತ್ರೆಗೂ ತಪ್ಪದೆ ಹೋಗು.

ಇನ್ನೊಂದು ಮಾತು. ಮಡಿವಾಳಪ್ಪನವರ ಪದಗಳು ಹಳೆಯವು, ಯಾರ ಅನುಮತಿಯೂ ಬೇಡ. ಈಗಿನ ಕವಿಗಳ ಸಾಹಿತ್ಯಕ್ಕೆ ಬೇಕು. ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ನಿನ್ನ ಮಟ್ಟಿನ ಹಕ್ಕು ನಿನ್ನದು, ಆದ್ದರಿಂದ ಸ್ವರಲಿಪಿ ಬರೆದು ತಾರೀಖು ಹಾಕಿಡು. ಕಟ್ಟಿದ ಹಾಡನ್ನು ಮೊದಲು ನಿಮ್ಮ ಮಂಡಳಿಯವರಿಗೇ ಕಲಿಸು. ಎರಡು ಮೂರು ಸಲ ಕೇಳಿದ ಮೇಲೂ ಅವರ ಬಾಯಿಗೆ ಬರದಿದ್ದರೆ, ಪಲ್ಲವಿಯನ್ನು ಇನ್ನಷ್ಟು ಹಗುರ ಮಾಡು.