ಸಂಪಾದಕರ ಉತ್ತರ: ಮಕ್ಕಳ ಜೋಡಿ ನಕ್ರ ಅಪ್ಪನ ಮರ್ಯಾದಿ ಹೋಗಂಗಿಲ್ಲ

ಬೆಟಗೇರಿಯ ಓದುಗರೊಬ್ಬರು ಉದ್ದಾನುದ್ದ ಪತ್ರ ಬರದಾರ, ಹೆಸರು ಹಾಕಬ್ಯಾಡ್ರಿ ಅಂದಾರ, ಹಾಕಂಗಿಲ್ಲ. ಐದು ವರ್ಷದ ಮಗಳು, ಮೂರು ವರ್ಷದ ಮಗ. ಅಂಗಡಿ ಮುಚ್ಚಿ ಮನಿಗೆ ಬಂದ್ರ ಸಾಕು, ಮಗಳು ಡಾಕ್ಟರ್ ಆಗ್ತಾಳ, ಅಪ್ಪನ್ನ ಚಾಪಿ ಮ್ಯಾಲೆ ಮಲಗಿಸಿ ಮೊಬೈಲ್ ಚಾರ್ಜರ್ ವೈರ್ ಎದಿಗಿಟ್ಟು ನೋಡ್ತಾಳ, "ಮೂರು ದಿನ ಗಿರಮಿಟ್ ಬಂದ್" ಅಂತ ಹೇಳಿ ಗೀಟು ಎಳದು ಚೀಟಿ ಕೊಡ್ತಾಳ. ಮರುದಿನ ಇವ್ರು ಗೆಳ್ಯಾರ ಜೋಡಿ ಗಿರಮಿಟ್ ತಿಂದು ಬಂದಾರ, ಬಾಗಲದಾಗ ಎತ್ಕೋ ಅಂತ ಓಡಿ ಬಂದ ಹುಡುಗಿ ಬಾಯಿ ಹತ್ರ ಮೂಗು ತಂದು "ಉಳ್ಳಾಗಡ್ಡಿ ವಾಸನಿ!" ಅಂತ ಇಡೀ ಓಣಿಗೆ ಕೇಳೂ ಹಂಗ ಒದರ್ಯಾಳ, ಶಿಕ್ಷಾ ಎರಡು ಇಂಜೆಕ್ಷನ್. ಎರಡನೇದು ಹಾಕೂ ಹೊತ್ತಿಗೆ ಇವರ ಅಣ್ಣಾವ್ರು ಒಳಗ ಬಂದ್ರು, ನೋಡಿದ್ರ ತಮ್ಮ ಬೋರಲು ಬಿದ್ದಾನ, ತಲಿಗೆ ಮಗಳ ರಿಬ್ಬನ್. "ಇಷ್ಟು ಸಲಗಿ ಕೊಟ್ರ ನಾಳೆ ತಲಿ ಮ್ಯಾಲೆ ಕುಂದರ್ತಾವ, ಅಪ್ಪ ಅಂದ್ರ ಅಂಜಿಕಿ ಇರಬೇಕು" ಅಂತ ಬೈದು ಚಾ ಸುದ್ದಾ ಕುಡೀದ ಹೋದ್ರಂತ. ಅಣ್ಣ ಹೇಳಿದ್ದು ಖರೇನ ಏನ್ರಿ ಅಂತ ಇವರ ಪ್ರಶ್ನೆ. ಕೊನೀಗೆ ಒಂದು ಸಾಲು: "ಇಂಥಾ ಸಣ್ಣ ಸುದ್ದಿ ಬರದು ನಿಮ್ಮ ಟೈಮ್ ಹಾಳ್ಮಾಡಿದೆ, ಕ್ಷಮಿಸ್ರಿ."

ಮೊದಲ ಆ ಕ್ಷಮಾ ವಾಪಸ್ ತಗೊಳ್ರಿ ಸರ. ನಮ್ಮ ಟೇಬಲ್ಲಿಗೆ ಗಂಡಸರ ಪತ್ರ ಬರ್ತಾವ, ರಸ್ತೆ ತಗ್ಗು, ಕರೆಂಟು, ನೀರು ಬಿಡಲಿಲ್ಲ, ಯಾವ ಪಾರ್ಟಿ ಯಾರಿಗೆ ಮೋಸ ಮಾಡ್ತು, ಎಲ್ಲಾ ಬರೀತಾರ, ಮನ್ಯಾಗ ಕೂಸು ಇವತ್ತ ಏನಂತು ಅಂತ ಬರಿಯೂ ಅಪ್ಪ ಸಿಗೋದು ಭಾಳ ಅಪರೂಪ. ಸಿಕ್ಕ ಒಬ್ಬರು ಕ್ಷಮಾ ಕೇಳಾಕತ್ತೀರಿ, ಇದಕ್ಕ ಮಾತ್ರ ನನಗ ಸಿಟ್ಟು ಬಂತು ನೋಡ್ರಿ.

ಅಣ್ಣಾವ್ರ ಮಾತಿನ್ಯಾಗೂ ಒಂದಿಷ್ಟು ಹುರುಳೈತಿ, ಇಲ್ಲ ಅನ್ನಂಗಿಲ್ಲ. ಚಿಗರಿ ಬಸ್ ಬರೂ ರಸ್ತೆದಾಗ ಕೈ ಬಿಡಬ್ಯಾಡ ಅಂದ್ರ ಬಿಡಬಾರದು, ಅಲ್ಲಿ ನಗಿ ಚಾಷ್ಟಿ ನಡಿಯಂಗಿಲ್ಲ. ಆದ್ರ ಚಾಪಿ ಮ್ಯಾಲಿನ ಆಟಕ್ಕೂ ಮರ್ಯಾದಿಗೂ ಏನ್ ಸಂಬಂಧ? ಮುಂಜಾನಿಂದ ಆ ಹುಡುಗಿಗೆ ಎಲ್ಲಾರೂ ಹುಕುಂ ಮಾಡಾವ್ರ, ಹಲ್ಲು ತಿಕ್ಕು, ಜಳಕಾ ಮಾಡು, ಬೂಟ್ ಹಾಕ್ಕೋ, ಸುಮ್ನ ಕೂಡು. ಸಂಜಿಗೆ ಅರ್ಧ ತಾಸು ಮನ್ಯಾಗಿನ ಎಲ್ಲಾರಕಿಂತ ದೊಡ್ಡ ಮನಷ್ಯಾಗ ತಾನು ಹುಕುಂ ಮಾಡ್ತಾಳ, ಆ ದೊಡ್ಡ ಮನಷ್ಯಾ ಕೇಳ್ತಾನ. ಆಕಿಗೆ ಅದರಕಿಂತ ದೊಡ್ಡ ಸುಖ ಯಾವದೈತಿ ಹೇಳ್ರಿ.

ನನಗ ಭಾಳ ದಿನದಿಂದ ಕೊರಿಯೂ ಮಾತೊಂದು ಐತಿ. ಹಲಸಂಗಿ ಗೆಳೆಯರು ಅಂತ ಸಾಹಿತಿಗಳ ಬಳಗ ಇತ್ತು, ಅದರಾಗಿನ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಬೀಸೂಕಲ್ಲಿನ ಮುಂದ ಕುಂತ ಹೆಣ್ಮಕ್ಕಳ ಹಾಡು ಬರಕೊಂಡು ಉಳಿಸಿದ್ರು, ಅದಕ್ಕ ಕೂಸಿನ ಆಟ, ಹಟ, ನಗಿ ಎಲ್ಲಾ ನಮಗ ಸಿಕ್ತು, ಆದ್ರ ಅದೆಲ್ಲಾ ಅವ್ವ ನೋಡಿದ್ದು. ದಾಸರ ಪದದಾಗ ನೋಡ್ರಿ, ಕೃಷ್ಣನ್ನ ಆಡಿಸಾಕಿ ಯಶೋದಾ, ಬೆಣ್ಣಿ ಕದ್ದದ್ದಕ್ಕ ಬೈಯಾಕೀನೂ ಯಶೋದಾ, ನಂದನ ಸುದ್ದಿ ಎಷ್ಟು ಬರತೈತಿ? ಇನ್ನ ನಮ್ಮ ಸಾಧನಕೇರಿ ಬೇಂದ್ರೆ ಅಜ್ಜಾರು ಎಷ್ಟೋ ಮಕ್ಕಳನ್ನ ಕಳಕೊಂಡವರು, ಸಾಯೂ ಕೂಸಿನ ಮುಂದ ಹೆಂಡತಿ ಮಾರಿ ನೋಡಾಕಾಗದ ಗಂಡನ ಸಂಕಟಾ ಕವಿತಾ ಮಾಡಿಟ್ಟಾರ, ಇವತ್ತಿಗೂ ಓದಿದ್ರ ಗಂಟಲ ಬಿಗೀತೈತಿ. ಅಂದ್ರ ಅಪ್ಪ ಅಳಬಹುದು ಅಂತ ಕನ್ನಡ ಒಪ್ಪಿಕೊಂಡು ಭಾಳ ವರ್ಷ ಆತು. ಅಪ್ಪ ಬೋರಲು ಬಿದ್ದು ಇಂಜೆಕ್ಷನ್ ತಗೊಂಡು ನಗೋದನ್ನ ಒಪ್ಪಾಕ ಇನ್ನೂ ಎಷ್ಟು ದಿನ ಬೇಕು?

ನಮ್ಮಪ್ಪನ ಚಪ್ಲಿ ಸಪ್ಪಳ ಓಣಿ ತುದಿಗೆ ಕೇಳಿದ್ರ ನಾವು ಗೋಲಿ ಬಿಟ್ಟು ಪುಸ್ತಕ ಹಿಡೀತಿದ್ವಿ. ಅದ ಮನಷ್ಯಾ ಮೊಮ್ಮಕ್ಕಳು ಬಂದ ಮ್ಯಾಲೆ ಮೊಣಕಾಲ ನೋವಿದ್ರೂ ಪಡಸಾಲಿ ತುಂಬ ಆನಿ ಆಗಿ ತಿರುಗಿದ, ಬೆನ್ನ ಮ್ಯಾಲೆ ಇಬ್ರು, ಸೊಂಡಿಲ ಅಂತ ಟಾವೆಲ್ ಬ್ಯಾರೆ. ಅಂದ್ರ ಆ ನಗಿ ಅವನೊಳಗ ಮೊದಲಿಂದ ಇತ್ತು, ಯಾರೋ ಹಿರ್ಯಾರು ಬ್ಯಾಡ ಅಂದಿದ್ರು. ನಮ್ಮ ಕಡೆ ಎಷ್ಟೋ ಮನ್ಯಾಗ ಗಂಡಸು ಅಜ್ಜ ಆದ ಮ್ಯಾಲೇನ ಆಟ ಆಡ್ತಾನ, ಅಷ್ಟರಾಗ ಅವನ ಸ್ವಂತ ಮಕ್ಕಳು ದೊಡ್ಡವರಾಗಿ ಇಎಂಐ ಕಟ್ಟಾಕತ್ತಿರ್ತಾರ.

ಸರಕಾರದ್ದೂ ಇದ ಬುದ್ಧಿ. 2017ರಾಗ ಹೆರಿಗಿ ಸವಲತ್ತಿನ ಕಾನೂನಿಗೆ ತಿದ್ದುಪಡಿ ಆದ ಮ್ಯಾಲೆ ನೌಕರಿ ಮಾಡೂ ತಾಯಿಗೆ ಮೊದಲಿನ ಎರಡು ಕೂಸಿಗೆ 26 ವಾರ ಹೆರಿಗಿ ರಜಾ, ಅದು ಬೇಕ ಬೇಕು, ಒಂದು ದಿನಾನೂ ಕಡಿಮಿ ಮಾಡಬಾರದು. ಕೇಂದ್ರ ಸರಕಾರಿ ನೌಕರ ಅಪ್ಪ ಆದ್ರ 15 ದಿನ. ಖಾಸಗಿ ಕೆಲಸದಾಗಿದ್ರ ಕಾನೂನಿನ ಪ್ರಕಾರ ಏನೂ ಇಲ್ಲ, ಮಾಲಕ ಕೊಟ್ಟಷ್ಟು. ಹುಬ್ಬಳ್ಳಿ ಮಾರ್ಕೆಟ್ಟಿನ ಅಂಗಡ್ಯಾಗ ದುಡಿಯೂ ಹುಡುಗ ಕೂಸು ಹುಟ್ಟಿದ ಮರುದಿನ ಪೇಢೆ ಡಬ್ಬಿ ತಗೊಂಡು ಡ್ಯೂಟಿಗೆ ಹಾಜರ್, ಮುಂದ ಅವನಿಗೆ ಕೂಸಿನ ಪರಿಚಯ ಆಗೋದ ವಾರಕ್ಕೊಮ್ಮೆ. ಸಾಲಿ ವಾಟ್ಸಾಪ್ ಗ್ರೂಪಿನ್ಯಾಗೂ ಅವ್ವಗೋಳ ಇರ್ತಾರ, ಅಪ್ಪನ ನಂಬರ್ ಫೀ ಕಟ್ಟಾಕಷ್ಟ.

ಇನ್ನೊಂದು ಸಂಕಟ. ರವಿವಾರ ಸಂಜಿಕೆ ಉಣಕಲ್ ಕೆರಿ ದಂಡಿಗೆ ಹೋಗ್ರಿ, ಹೆಗಲ ಮ್ಯಾಲೆ ಮಗಾ, ಕೈಯಾಗ ಮೊಬೈಲ್ ಇರೂ ಅಪ್ಪಗೋಳು ಸಾಲಾಗಿ ಕಾಣ್ತಾರ. ಕೂಸು ಏನರೆ ಮಜಾ ಮಾತಾಡಿದ್ರ "ಇನ್ನೊಮ್ಮಿ ಅನು ಪುಟ್ಟಾ, ರೀಲ್ ಮಾಡ್ತೀನಿ" ಅಂತಾರ. ಎರಡನೇ ಸಲ ಕೂಸು ಅಪ್ಪಗ ಮಾತಾಡಂಗಿಲ್ಲ, ಕ್ಯಾಮೆರಾಕ್ಕ ಮಾತಾಡತೈತಿ, ಮಾರಿ ನೋಡಿದ್ರ ಗೊತ್ತಾಕ್ಕೈತಿ.

ನಿಮ್ಮ ಪತ್ರದ ಮೂರನೇ ಪುಟದಾಗ ಮಗನ ಸುದ್ದಿ ಐತೆಲ್ಲ, ಅದು ನನ್ನ ತಲ್ಯಾಗಿಂದ ಹೋಗವಲ್ದು. ಅಜ್ಜ ಫೋನಿನ್ಯಾಗ "ಊಟ ಆತೇನೋ" ಅಂತ ಕೇಳ್ಯಾರ, ಹುಡುಗ ಹೂಂ ಅಂತ ಬಾಯಿಬಿಟ್ಟು ಅನ್ನದ ಬರೇ ತಲಿ ಅಲ್ಲಾಡಿಸ್ಯಾನ. ನೀವು "ಜೋರಾಗಿ ಹೇಳೋ, ಅಜ್ಜಗ ಕೇಳವಲ್ದು" ಅಂದೀರಿ, ಅವ ಇನ್ನೂ ಜೋರಾಗಿ ತಲಿ ಅಲ್ಲಾಡಿಸ್ಯಾನ, ಟೊಪಗಿ ಕೆಳಗ ಬೀಳೂ ಹಂಗ. ಇದನ್ನ ಯಾರು ಕಟ್ಟಿ ಬರಿಯಾಕ ಬರತೈತ್ರಿ? ಎದುರಿಗೆ ಕುಂತು ನೋಡಿದ ಅಪ್ಪಗ ಮಾತ್ರ ಸಿಗೂ ಮಾಲು ಅದು.

ಅದಕ್ಕ ಒಂದು ನೂರು ಪುಟದ ನೋಟ್‌ಬುಕ್ ತಗೊಳ್ರಿ, ಅಂಗಡಿ ಲೆಕ್ಕದ ಪುಸ್ತಕದ ಬಾಜೂಕ ಇಡ್ರಿ. ತಾರೀಖು, ಕೂಸಿನ ವಯಸ್ಸು, ಅಂದ ಮಾತು ಅಂದ ಹಂಗ, ನಮ್ಮ ಭಾಷಾದಾಗ, ಪುಸ್ತಕದ ಕನ್ನಡಕ್ಕ ತಿದ್ದಬ್ಯಾಡ್ರಿ. ಮುಂದಿನ ಸಂಚಿಕಿಂದ ಅಪ್ಪಗೋಳ ಪತ್ರಕ್ಕ ಅರ್ಧ ಪುಟ ತಗದಿಡ್ತೀವಿ. ರಾಣೆಬೆನ್ನೂರು, ಸವಣೂರು, ಲಕ್ಷ್ಮೇಶ್ವರ, ನವಲಗುಂದ ಕಡಿಯವರೂ ಬರೀರಿ, ಅಕ್ಷರ ಕೆಟ್ಟಿದ್ರೂ ನಡೀತೈತಿ, ಕೂಸಿನ ಫೋಟೋ ಮಾತ್ರ ಕಳಸಬ್ಯಾಡ್ರಿ.