ಸ್ನಾಯು ಅದುರುತ್ತಲೇ ಇದೆ, ನರದ ಕಾಯಿಲೆ ಅನ್ನೋ ಭಯ ಹೋಗ್ತಿಲ್ಲ. ಏನು ಮಾಡಲಿ?

ಎರಡು ತಿಂಗಳಿಂದ ಮೀನಖಂಡ, ತೋಳು, ರೆಪ್ಪೆ ಎಲ್ಲಾ ಅದುರುತ್ತಿವೆ, ಗೂಗಲ್ ಮಾಡಿದರೆ ಎಎಲ್‌ಎಸ್ (ಸ್ನಾಯುಗಳನ್ನು ನಡೆಸುವ ನರಗಳು ಕ್ರಮೇಣ ಸಾಯುವ ಗಂಭೀರ ಕಾಯಿಲೆ) ಅಂತ ಬಂತು, ಅವತ್ತಿನಿಂದ ನಿದ್ದೆಯಿಲ್ಲ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ಇದೇ ಭಯದಲ್ಲಿ ಬಹಳ ದಿನ ಒದ್ದಾಡಿದವನು. ನಿಮ್ಮ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ಒಮ್ಮೆ ನ್ಯೂರಾಲಜಿಸ್ಟ್‌ಗೆ ತೋರಿಸಿ. ಅದನ್ನು ಬಿಟ್ಟು ನಾವು ಯಾರು ಎಷ್ಟು ಧೈರ್ಯ ಹೇಳಿದರೂ ರಾತ್ರಿ ಹನ್ನೆರಡಕ್ಕೆ ಅದು ಕರಗಿಹೋಗುತ್ತದೆ. ನನ್ನನ್ನು ನೋಡಿದ ಡಾಕ್ಟರ್ ಅದುರುವಿಕೆ ಬಗ್ಗೆ ಜಾಸ್ತಿ ಕೇಳಲೇ ಇಲ್ಲ. ನಡೆಯುವಾಗ ಚಪ್ಪಲಿ ಕಾಲಿಂದ ಜಾರುತ್ತಾ, ಅಂಗಿ ಗುಂಡಿ ಹಾಕೋಕೆ, ಬೀಗದಲ್ಲಿ ಕೀ ತಿರುಗಿಸೋಕೆ ಕಷ್ಟವಾಗುತ್ತಾ, ನುಂಗುವಾಗ ಕೆಮ್ಮು ಬರುತ್ತಾ ಅಂತ ಕೇಳಿದರು. ಸುತ್ತಿಗೆಯಲ್ಲಿ ಮಂಡಿ, ಮೊಣಕೈ ತಟ್ಟಿ ನೋಡಿದರು. ಹಿಮ್ಮಡಿ ಮೇಲೆ, ತುದಿಗಾಲಲ್ಲಿ ನಡೆಸಿದರು. ಏಕೆಂದರೆ ಆ ಕಾಯಿಲೆಯಲ್ಲಿ ಸಾಮಾನ್ಯವಾಗಿ ತೊಂದರೆ ಕೊಡುವುದು ಬಲ ಹೋಗುವುದು, ಸ್ನಾಯು ಸೊರಗುವುದು. ಕಾಲು ಸೋತ ಹಾಗೆ ಅನಿಸುವುದು ಬೇರೆ, ಕಾಲು ಎತ್ತಲು ಆಗದಿರುವುದೇ ಬೇರೆ. ಭಯದಲ್ಲಿದ್ದಾಗ ಇವೆರಡೂ ಒಂದೇ ಅನಿಸುತ್ತವೆ, ಅಲ್ವಾ?

ಅಗತ್ಯ ಅನಿಸಿದರೆ ಇಎಂಜಿ ಮಾಡಿಸುತ್ತಾರೆ. ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚಿ ಅದರ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ, ಸ್ವಲ್ಪ ನೋವಾಗುತ್ತದೆ, ತಡೆದುಕೊಳ್ಳಬಹುದು. ಥೈರಾಯ್ಡ್, ಕ್ಯಾಲ್ಸಿಯಂ, ಮೆಗ್ನೀಸಿಯಂ ರಕ್ತಪರೀಕ್ಷೆಗೂ ಬರೆಯಬಹುದು. ಕಾಫಿ ಎಷ್ಟು ಕುಡಿಯುತ್ತೀರಿ, ಜಿಮ್‌ಗೆ ಹೋಗುತ್ತೀರಾ, ಆಸ್ತಮಾ ಇನ್‌ಹೇಲರ್ ಇದೆಯಾ ಅಂತ ನೀವಾಗಿಯೇ ಹೇಳಿ. ನಿದ್ದೆಗೆಟ್ಟರೂ ಸ್ನಾಯು ಅದುರುತ್ತದೆ.

ನನಗೆ ನಿಜವಾಗಿ ಸಮಾಧಾನ ಕೊಟ್ಟಿದ್ದು ಅಮೆರಿಕದ ಮೇಯೋ ಕ್ಲಿನಿಕ್‌ನವರು 1993ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಪರೀಕ್ಷೆಯಲ್ಲಿ ಬೇರೇನೂ ತೊಂದರೆ ಕಾಣದೆ, ಬರೀ ಸ್ನಾಯು ಅದುರುತ್ತಿದ್ದ 121 ಜನರನ್ನು 2ರಿಂದ 32 ವರ್ಷದವರೆಗೆ ಗಮನಿಸಿದರು. ಒಬ್ಬರಿಗೂ ಎಎಲ್‌ಎಸ್ ಬರಲಿಲ್ಲ. 'ಪರೀಕ್ಷೆಯಲ್ಲಿ ಬೇರೇನೂ ಕಾಣದೆ' ಅನ್ನೋದು ಇಲ್ಲಿ ಮುಖ್ಯ, ಅದಕ್ಕೇ ಮೊದಲು ತೋರಿಸಿ ಅಂದಿದ್ದು.

ಡಾಕ್ಟರ್ ಏನಿಲ್ಲ ಅಂದಮೇಲೂ ಭಯ ಬಿಡುವುದಿಲ್ಲ, ಕಷ್ಟ ಇರುವುದು ಅಲ್ಲಿ. ರಾತ್ರಿ ಮೊಬೈಲ್ ಟಾರ್ಚ್ ಹಾಕಿಕೊಂಡು ಮೀನಖಂಡವನ್ನೇ ನೋಡುತ್ತಾ ಕೂರುವುದು, ಟೇಪ್ ಹಿಡಿದು ಎರಡೂ ತೊಡೆ ಅಳೆಯುವುದು, ಹಲ್ಲುಜ್ಜುವಾಗ ಒಂಟಿ ತುದಿಗಾಲಲ್ಲಿ ನಿಂತು ನೋಡುವುದು. ಹೀಗೆ ಪದೇ ಪದೇ ಪರೀಕ್ಷೆ ಮಾಡಿದರೆ ದಣಿದ ಸ್ನಾಯು ಇನ್ನೂ ಜಾಸ್ತಿ ಅದುರುತ್ತದೆ, ಅದನ್ನು ನೋಡಿ ಭಯ ಹೆಚ್ಚುತ್ತದೆ. ಬಲಗಾಲು ಎಡಗಾಲಿಗಿಂತ ಒಂದು ಚೂರು ದಪ್ಪ ಇರುವುದು ಎಷ್ಟೋ ಜನರಲ್ಲಿ ಸಹಜ, ಅದು ಗೊತ್ತಿಲ್ಲದೆ ಅಳೆಯುತ್ತಾ ಕೂತರೆ ನೆಮ್ಮದಿ ಎಲ್ಲಿಂದ ಬರಬೇಕು?

ಟೇಪನ್ನು ನಾನು ಹೆಂಡತಿ ಕೈಗೆ ಕೊಟ್ಟುಬಿಟ್ಟೆ. 'ನೋಡು, ಇಲ್ಲಿ ಸಣ್ಣಗಾಗಿದೆಯಾ?' ಅಂತ ನಾನು ಕೇಳಿದರೆ ಉತ್ತರ ಕೊಡಬೇಡ, 'ಬಾ, ಒಂದು ಸುತ್ತು ಹೋಗಿಬರೋಣ' ಅಂತ ಮಾತ್ರ ಹೇಳು ಅಂದೆ. ಮೊದಲ ವಾರಗಳು ತುಂಬಾ ಕಷ್ಟವಾಯಿತು. ಆಮೇಲೆ ಕೇಳುವುದೇ ಕಡಿಮೆಯಾಯಿತು. ಈಗಲೂ ಅದುರುತ್ತದೆ, ಅದುರಿದಾಗ ಕೆಲಸ ನಿಲ್ಲಿಸಿ ನೋಡುವುದಿಲ್ಲ ಅಷ್ಟೇ.

ಒಬ್ಬರೇ ಆಗದಿದ್ದರೆ ಮನೋವೈದ್ಯರನ್ನೋ ಕೌನ್ಸೆಲರನ್ನೋ ನೋಡಿ, ಈ ಥರದ ಕಾಯಿಲೆ ಭಯಕ್ಕೆ ಸಿಬಿಟಿ, ಅಂದರೆ ಯೋಚನೆ, ಅಭ್ಯಾಸಗಳನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ ಒಳ್ಳೆಯದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪಾದ ಎಳೆಯುವುದು, ಕೈಯಿಂದ ವಸ್ತು ಜಾರುವುದು, ಮಾತು ತೊದಲುವುದು ಶುರುವಾಗಿ ಹೆಚ್ಚುತ್ತಾ ಹೋದರೆ ಮಾತ್ರ ಕಾಯದೆ ಮತ್ತೆ ನ್ಯೂರಾಲಜಿಸ್ಟ್ ಹತ್ತಿರ ಹೋಗಿ.